ಇಂಗ್ಲಿಷ್ ಪತ್ರದಲ್ಲಿ ಸಣ್ಣ ಬೇಸರವನ್ನು ಹೇಳುವುದು ಹೇಗೆ

ಕೆಲಸಕ್ಕೆ ಸೇರಿದ ಎರಡನೇ ವರ್ಷದ ಮಾತು. ಇಂಗ್ಲೆಂಡಿನಲ್ಲಿದ್ದ ಸಹೋದ್ಯೋಗಿಯೊಬ್ಬರಿಂದ ಒಂದು ಲೆಕ್ಕದ ಹಾಳೆ ಬರಬೇಕಿತ್ತು. ಎರಡು ಸಲ ಕೇಳಿದ್ದೆ, ಬಂದಿರಲಿಲ್ಲ. ಮೂರನೇ ಸಲ ಹೀಗೆ ಬರೆದೆ: ‘ವೈ ಯು ಹ್ಯಾವ್ ನಾಟ್ ಸೆಂಟ್ ದ ಶೀಟ್ ಯೆಟ್? ಐ ಟೋಲ್ಡ್ ಯು ಲಾಸ್ಟ್ ವೀಕ್ ಓನ್ಲಿ.’ ಬರೆಯುವಾಗ ತಲೆಯಲ್ಲಿ ಓಡುತ್ತಿದ್ದುದು ‘ಯಾಕೆ ಇನ್ನೂ ಕಳಿಸಿಲ್ಲ? ಹೋದ ವಾರವೇ ಹೇಳಿದ್ದೆನಲ್ಲ’ ಎಂಬ ಮಾತು. ಪಕ್ಕದ ಮೇಜಿನವರಿಗೆ ಇದನ್ನೇ ಕನ್ನಡದಲ್ಲಿ ಹೇಳಿದ್ದರೆ ‘ಅಯ್ಯೋ, ಮರೆತೇಬಿಟ್ಟೆ’ ಎಂದು ಆಗಲೇ ಕಳಿಸುತ್ತಿದ್ದರು. ಇಂಗ್ಲೆಂಡಿನಿಂದ ಬಂದ ಉತ್ತರದಲ್ಲಿ ಎರಡೇ ಸಾಲು ಇತ್ತು, ನನ್ನ ಮೇಲಧಿಕಾರಿಗೂ ಅದರ ಪ್ರತಿ ಹೋಗಿತ್ತು. ನಾನು ಹೇಳಹೊರಟದ್ದು ಒಂದು ಚಿಕ್ಕ ಕಿರಿಕಿರಿ, ಅವರಿಗೆ ಮುಟ್ಟಿದ್ದು ಗದರಿಕೆ.

ಆ ರಾತ್ರಿ ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಬರೆದು ನೋಡಿದೆ. ಕನ್ನಡದ ವಾಕ್ಯದಲ್ಲಿ ಮೆತ್ತಗಿದ್ದದ್ದೆಲ್ಲ ದಾರಿಯಲ್ಲಿ ಉದುರಿಹೋಗಿತ್ತು. ‘ಹೇಳಿದ್ದೆನಲ್ಲ’ ಎಂಬಲ್ಲಿನ ‘ಅಲ್ಲ’ ನಮ್ಮ ನಡುವಿನ ಸಲುಗೆಯನ್ನು ಹೇಳುತ್ತದೆ. ಅದು ಇಂಗ್ಲಿಷಿಗೆ ದಾಟಲೇ ಇಲ್ಲ. ‘ಯಾಕೆ ಇನ್ನೂ ಕಳಿಸಿಲ್ಲ’ ಎಂಬಲ್ಲಿ ‘ನೀವು’ ಎಂಬ ಪದವೇ ಇರಲಿಲ್ಲ. ಇಂಗ್ಲಿಷಿನಲ್ಲಿ ‘ಯು’ ಎರಡು ಸಲ ಬಂದು ಕೂತಿತ್ತು. ನನ್ನ ವ್ಯಾಕರಣ ತಪ್ಪಿದ್ದಕ್ಕಿಂತ ಹೆಚ್ಚು ನೋವು ಮಾಡಿದ್ದು ಆ ‘ಯು’.

ಅಲ್ಲಿಂದ ಇಲ್ಲಿಯವರೆಗೆ ಈ ಒಂದು ವಿಷಯವನ್ನು ಬಿಡದೆ ಗಮನಿಸಿದ್ದೇನೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಕಿರಿಯ ಸಹೋದ್ಯೋಗಿಗಳಿಗೆ ಹೇಳಿಕೊಟ್ಟಿದ್ದೇನೆ. ಇಂಗ್ಲಿಷಿನಲ್ಲಿ ಕೋಪ ಮಾಡಿಕೊಳ್ಳುವುದು ಸುಲಭ, ಧನ್ಯವಾದ ಹೇಳುವುದೂ ಸುಲಭ. ಅವೆರಡರ ನಡುವಿನ ಸಣ್ಣ ಬೇಸರ ಬಹಳ ಕಷ್ಟ. ಆದರೆ ಅದಕ್ಕೆ ಬೇಕಾದ ನಯ ನಮ್ಮ ಭಾಷೆಯಲ್ಲೇ ಇದೆ. ಹೊಸದಾಗಿ ಕಲಿಯಬೇಕಾದದ್ದಕ್ಕಿಂತ ಜೊತೆಗೆ ಒಯ್ಯಬೇಕಾದದ್ದೇ ಹೆಚ್ಚು.

ಕೆಳಗಿನ ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಒಂದೊಂದನ್ನೂ ಬಾಯಿಬಿಟ್ಟು ಓದಿ. ದನಿ ಕಿವಿಗೆ ಬಿದ್ದರೆ ಖಾರ ಎಷ್ಟಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಹೆಜ್ಜೆ 1: ಬೇಜಾರು ಯಾವ ಬಗೆಯದು, ಗುರುತಿಸಿ

‘ಬೇಜಾರು’ ಎಂಬ ನಮ್ಮ ಒಂದು ಪದ ಎಷ್ಟು ಕೆಲಸ ಮಾಡುತ್ತದೆ ನೋಡಿ. ಹೊತ್ತು ಹೋಗದಿದ್ದರೂ ಬೇಜಾರು, ಯಾರೋ ಮಾತು ತಪ್ಪಿದರೂ ಬೇಜಾರು, ಸಾವಿನ ಸುದ್ದಿ ಕೇಳಿದರೂ ಬೇಜಾರು. ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ ಪದಗಳು. ಹಾಗಾಗಿ ಬರೆಯಲು ಕೂರುವ ಮೊದಲು ನಿಮ್ಮದು ಯಾವುದು ಎಂದು ನಿಮ್ಮನ್ನೇ ಕೇಳಿಕೊಳ್ಳಿ.

ಹೀಗಾಗುತ್ತದೆ ಅಂದುಕೊಂಡಿರಲಿಲ್ಲ ಎಂಬಷ್ಟೇ ಇದ್ದರೆ ‘ಸರ್‌ಪ್ರೈಸ್ಡ್’. ಎಲ್ಲಕ್ಕಿಂತ ತೆಳುವಾದದ್ದು ಇದು. ‘ಐ ವಾಸ್ ಎ ಲಿಟಲ್ ಸರ್‌ಪ್ರೈಸ್ಡ್ ಟು ಸೀ ದ ನ್ಯೂ ಡೇಟ್’ ಎಂದರೆ ‘ದಿನಾಂಕ ಬದಲಾದದ್ದು ನೋಡಿ ಸ್ವಲ್ಪ ಆಶ್ಚರ್ಯವಾಯಿತು’ ಎಂದು ಮೇಲ್ನೋಟದ ಅರ್ಥ. ‘ನನ್ನನ್ನು ಕೇಳದೆ ಬದಲಿಸಿದಿರಿ’ ಎಂಬ ದೂರು ಅದರ ಒಳಗಿದೆ, ಓದುವವರಿಗೆ ತಿಳಿಯುತ್ತದೆ. ಮೊದಲ ಸಲದ ತಪ್ಪಿಗೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಮುಂದೇನಾಗುತ್ತದೋ ಎಂಬ ಚಿಂತೆ ಬೆರೆತಿದ್ದರೆ ‘ಕನ್ಸರ್ನ್ಡ್’. ಕಚೇರಿ ಪತ್ರದಲ್ಲಿ ಇದಕ್ಕೆ ತೂಕವಿದೆ. ‘ಐ ಆ್ಯಮ್ ಕನ್ಸರ್ನ್ಡ್ ಅಬೌಟ್ ದ ಡಿಲೇ’ ಎಂದು ಬರೆದರೆ ವಿಷಯ ಗಂಭೀರ ಎಂದು ಹೇಳಿದಂತೆ.

‘ಡಿಸಪಾಯಿಂಟೆಡ್’ ಪದವನ್ನು ನಮ್ಮವರು ಹಗುರವಾಗಿ ಬಳಸುವುದನ್ನು ಬಹಳ ಕಡೆ ನೋಡಿದ್ದೇನೆ. ಅದು ಹಗುರವಲ್ಲ. ‘ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ’ ಎಂದು ಮೇಷ್ಟ್ರು ಹೇಳಿದರೆ ಹೇಗೆ ತಲೆ ತಗ್ಗುತ್ತದೋ ಹಾಗೆ, ಮೇಲಿನವರು ಕೆಳಗಿನವರಿಗೆ ಬರೆದಾಗ ಅದು ಚುಚ್ಚುತ್ತದೆ. ಅಂಗಡಿಗೋ ಕಂಪನಿಗೋ ದೂರು ಬರೆಯುವಾಗ ಧಾರಾಳವಾಗಿ ಬಳಸಬಹುದು. ಜೊತೆಗೆ ಕೆಲಸ ಮಾಡುವವರಿಗೆ ಬರೆಯುವಾಗ ಎರಡು ಸಲ ಯೋಚಿಸಿ.

ಒಂದೇ ತೊಂದರೆ ಮತ್ತೆ ಮತ್ತೆ ಆಗಿ ತಲೆ ಕೆಟ್ಟಿದ್ದರೆ ‘ಫ್ರಸ್ಟ್ರೇಟಿಂಗ್’. ಇದನ್ನು ಪರಿಸ್ಥಿತಿಗೆ ಅಂಟಿಸಿ, ಮನುಷ್ಯರಿಗೆ ಬೇಡ. ‘ದಿಸ್ ಹ್ಯಾಸ್ ಬೀನ್ ಎ ಬಿಟ್ ಫ್ರಸ್ಟ್ರೇಟಿಂಗ್’ ಎಂದರೆ ಓದುವವರೂ ‘ಹೌದು ಪಾಪ’ ಎನ್ನಬಹುದು, ಏಕೆಂದರೆ ಬೊಟ್ಟು ಅವರ ಕಡೆ ತಿರುಗಿಲ್ಲ.

‘ಅನಾಯ್ಡ್’, ‘ಇರಿಟೇಟೆಡ್’ ಎಂಬ ಪದಗಳನ್ನು ಪತ್ರದಲ್ಲಿ ಬಿಟ್ಟುಬಿಡುವುದೇ ಒಳ್ಳೆಯದು. ನಾವು ಮಾತಿನಲ್ಲಿ ‘ತುಂಬಾ ಇರಿಟೇಟ್ ಆಗ್ತಿದೆ’ ಎಂದು ಸಲೀಸಾಗಿ ಹೇಳುತ್ತೇವೆ. ಬರಹದಲ್ಲಿ ಅದೇ ಪದ ಗಡುಸಾಗುತ್ತದೆ. ಪ್ರತ್ಯಯ ತಪ್ಪಿದರಂತೂ ಅಪಾಯ: ‘ಐ ಆ್ಯಮ್ ಇರಿಟೇಟೆಡ್’ ಎಂದರೆ ನನಗೆ ಕಿರಿಕಿರಿಯಾಗಿದೆ, ‘ಯು ಆರ್ ಇರಿಟೇಟಿಂಗ್’ ಎಂದರೆ ನೀವು ಕಿರಿಕಿರಿಯ ಮನುಷ್ಯ. ಎರಡನೆಯದಕ್ಕೆ ಆಮೇಲೆ ಎಷ್ಟು ಕ್ಷಮೆ ಕೇಳಿದರೂ ಸಾಲದು.

ಈ ಪದಗಳ ಹಿಂದೆ ಬರುವ ಅಳತೆಯ ಪದಗಳನ್ನೂ ತಿಳಿದಿರಬೇಕು. ‘ಎ ಬಿಟ್’, ‘ಎ ಲಿಟಲ್’, ‘ಸ್ಲೈಟ್ಲಿ’ ಮೂರೂ ನಮ್ಮ ‘ಸ್ವಲ್ಪ’. ‘ಸಮ್‌ವಾಟ್’ ಅದರ ಅಂಗಿ ಇಸ್ತ್ರಿ ಮಾಡಿಕೊಂಡ ರೂಪ. ‘ರಾದರ್’ ಬಂದರೆ ಖಾರ ಒಂದು ಚಿಟಿಕೆ ಏರಿದೆ ಎಂದರ್ಥ. ‘ಕ್ವೈಟ್’ ಒಂದನ್ನು ನಂಬಬೇಡಿ. ಅಮೆರಿಕದವರಿಗೆ ಅದು ‘ಸಾಕಷ್ಟು, ತುಂಬಾ’ ಎಂಬ ಕಡೆ ವಾಲುತ್ತದೆ, ಬ್ರಿಟನ್ನಿನವರಿಗೆ ಎಷ್ಟೋ ಸಲ ‘ಒಂದು ಮಟ್ಟಿಗೆ’ ಎಂಬ ಕಡೆ. ಇನ್ನೊಂದು: ಬ್ರಿಟನ್ನಿನವರು ‘ಎ ಬಿಟ್ ಡಿಸಪಾಯಿಂಟೆಡ್’, ‘ನಾಟ್ ಎಂಟೈರ್‌ಲಿ ಹ್ಯಾಪಿ’ ಎಂದು ಬರೆದರೆ ಆ ‘ಸ್ವಲ್ಪ’ವನ್ನು ನಂಬಿ ನಿರಾಳವಾಗಬೇಡಿ. ಕಡಿಮೆ ಮಾಡಿ ಹೇಳುವುದು ಅವರ ರೂಢಿ. ನಮ್ಮಲ್ಲಿ ಬೀಗರು ಊಟದ ಬಗ್ಗೆ ‘ಪರವಾಗಿಲ್ಲ’ ಎಂದರೆ ಹೆಣ್ಣಿನ ಮನೆಯವರಿಗೆ ಹೇಗೆ ಕಳವಳವಾಗುತ್ತದೋ, ಹಾಗೆ ಓದಿಕೊಳ್ಳಬೇಕು.

ಹೆಜ್ಜೆ 2: ವಾಕ್ಯದಿಂದ ‘ಯು’ ತೆಗೆಯಿರಿ

ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ, ಅದಕ್ಕೇ ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮನೆಗೆ ಬರಬೇಕಿದ್ದ ಹಾಲು ಬರದಿದ್ದರೆ ಹಾಲಿನವರಿಗೆ ಏನೆನ್ನುತ್ತೀರಿ? ‘ಇವತ್ತು ಹಾಲು ಬಂದಿಲ್ಲ’ ಎನ್ನುತ್ತೀರಿ. ‘ನೀವು ಇವತ್ತು ಹಾಲು ಹಾಕಲಿಲ್ಲ’ ಎಂದರೆ ಜಗಳಕ್ಕೆ ನಿಂತ ಹಾಗಾಗುತ್ತದೆ. ಹಾಲನ್ನೇ ಕರ್ತೃವಾಗಿಸಿ ಮನುಷ್ಯನನ್ನು ಪಕ್ಕಕ್ಕೆ ಸರಿಸುವುದು ನಮ್ಮ ಬಾಯಿಗೆ ತಾನಾಗಿ ಬರುವ ಜಾಣ್ಮೆ. ಇಂಗ್ಲಿಷಿಗೂ ಇದೇ ಬೇಕು. ‘ಯು ಡಿಡ್ ನಾಟ್ ಸೆಂಡ್ ದ ಫೈಲ್’ ಎಂಬುದರ ಬದಲು ‘ಐ ಹ್ಯಾವ್ ನಾಟ್ ರಿಸೀವ್ಡ್ ದ ಫೈಲ್ ಯೆಟ್’. ಮೊದಲನೆಯದರಲ್ಲಿ ತಪ್ಪು ಅವರದು, ಎರಡನೆಯದರಲ್ಲಿ ಫೈಲು ನನ್ನ ಕೈ ಸೇರಿಲ್ಲ, ಅಷ್ಟೇ. ‘ದ ಫೈಲ್ ಡಸ್ ನಾಟ್ ಸೀಮ್ ಟು ಹ್ಯಾವ್ ಕಮ್ ಥ್ರೂ’ ಎಂದರೆ ಇನ್ನೂ ಮೃದು. ನಮ್ಮ ‘ಬಂದ ಹಾಗಿಲ್ಲ’ ಎಂಬುದಕ್ಕೆ ಸರಿಸಮ ಇದು. ‘ಸೀಮ್ಸ್’, ‘ಅಪಿಯರ್ಸ್’, ‘ಇಟ್ ಲುಕ್ಸ್ ಲೈಕ್’ ಎಂಬುವು ಇಂಗ್ಲಿಷಿನ ‘ಹಾಗಿದೆ’, ‘ಅನ್ನಿಸುತ್ತದೆ’ಗಳು. ಎದುರಿನವರಿಗೆ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿಟ್ಟಂತೆ. ಆ ಬಾಗಿಲಿದ್ದರೆ ಜನ ಜಗಳ ಬಿಟ್ಟು ಕೆಲಸ ಮಾಡುತ್ತಾರೆ.

ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಎಂಬ ಇಬ್ಬರು ಸಂಶೋಧಕರು ಸೌಜನ್ಯದ ಮಾತಿನ ಬಗ್ಗೆ 1978ರಲ್ಲಿ ಪ್ರಕಟಿಸಿದ ಅಧ್ಯಯನ ಭಾಷಾಶಾಸ್ತ್ರದಲ್ಲಿ ಹೆಸರುವಾಸಿ. ಅವರು ಇಟ್ಟುಕೊಂಡ ಮೂರು ಮುಖ್ಯ ಭಾಷೆಗಳು ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್, ಮತ್ತು ಕೊಯಮತ್ತೂರು ಕಡೆಯ ಹಳ್ಳಿಯ ತಮಿಳು. ಎದುರಿನವರ ಮುಖ ಉಳಿಸಲು ಜನ ಬಳಸುವ ಉಪಾಯಗಳಲ್ಲಿ ‘ನಾನು, ನೀನು’ಗಳನ್ನು ವಾಕ್ಯದಿಂದ ಹೊರಗಿಡುವುದೂ ಒಂದು ಎಂದು ಅವರು ತೋರಿಸಿದರು. ನಮ್ಮ ನೆರೆಯ ತಮಿಳಿನಲ್ಲೂ ದೂರದ ಇಂಗ್ಲಿಷಿನಲ್ಲೂ ಒಂದೇ ಉಪಾಯ ಸಿಕ್ಕಿತು ಎಂದು ಓದಿದಾಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ. ಇಂಗ್ಲಿಷಿನ ನಯ ನಮಗೆ ಪರಕೀಯವಲ್ಲ ಎಂಬ ಧೈರ್ಯ ಬಂದದ್ದು ಅಲ್ಲಿಂದ.

ಇನ್ನೊಂದು ಉಪಾಯವೂ ಎರಡು ಭಾಷೆಗಳಿಗೆ ಸಮಾನ: ಕಾಲವನ್ನು ಹಿಂದಕ್ಕೆ ಸರಿಸುವುದು. ‘ಒಂದು ಮಾತು ಕೇಳಬೇಕಿತ್ತು’ ಎಂದು ನಾವು ಶುರುಮಾಡುತ್ತೇವೆ. ಕೇಳಬೇಕಾಗಿರುವುದು ಈಗ, ಆದರೂ ‘ಇತ್ತು’. ಇಂಗ್ಲಿಷಿನಲ್ಲಿ ಅದು ‘ಐ ವಾಸ್ ವಂಡರಿಂಗ್ ಇಫ್’ ಆಗುತ್ತದೆ. ‘ಶುಕ್ರವಾರ ಮುಗಿಯುತ್ತದೆ ಅಂದುಕೊಂಡಿದ್ದೆ’ ಎಂಬುದು ‘ಐ ವಾಸ್ ಅಂಡರ್ ದ ಇಂಪ್ರೆಷನ್ ದಟ್ ದಿಸ್ ವುಡ್ ಬಿ ಡನ್ ಬೈ ಫ್ರೈಡೇ’. ‘ಇಷ್ಟು ಹೊತ್ತಿಗೆ ಉತ್ತರ ಬರಬಹುದು ಎಂಬ ಆಸೆಯಿತ್ತು’ ಎಂಬುದು ‘ಐ ಹ್ಯಾಡ್ ಹೋಪ್ಡ್ ಟು ಹಿಯರ್ ಬ್ಯಾಕ್ ಬೈ ನೌ’. ಮೂರರಲ್ಲೂ ಬೇಸರವಿದೆ, ಒಂದರಲ್ಲೂ ಆರೋಪವಿಲ್ಲ.

ಎಲ್ಲಕ್ಕಿಂತ ನನಗೆ ಪ್ರಿಯವಾದ ವಾಕ್ಯ ಇದು: ‘ಇಟ್ ವುಡ್ ಹ್ಯಾವ್ ಬೀನ್ ಹೆಲ್ಪ್‌ಫುಲ್ ಟು ನೋ ದಿಸ್ ಅರ್ಲಿಯರ್.’ ‘ಮೊದಲೇ ತಿಳಿದಿದ್ದರೆ ಅನುಕೂಲವಾಗುತ್ತಿತ್ತು.’ ಕನ್ನಡದಲ್ಲಿ ಬಾಯಿಗೆ ಎಷ್ಟು ಸಹಜವೋ ಇಂಗ್ಲಿಷಿನಲ್ಲೂ ಅಷ್ಟೇ ಸಹಜ. ಯಾರು ತಿಳಿಸಬೇಕಿತ್ತು ಎಂದು ಅದು ಹೇಳುವುದಿಲ್ಲ, ಓದುವವರಿಗೆ ಮಾತ್ರ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಂದೇ ವಾಕ್ಯ ಬಾಯಿಪಾಠ ಮಾಡುವುದಾದರೆ ಇದನ್ನು ಮಾಡಿ.

ಹೆಜ್ಜೆ 3: ನೆನಪೋಲೆಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ‘ನೆನಪೋಲೆ’ ಎಂಬ ಚೆಂದದ ಪದವಿದೆ. ಉತ್ತರ ಬಾರದಿದ್ದರೆ ನೆನಪೋಲೆ 1, ಆಮೇಲೆ ನೆನಪೋಲೆ 2. ಅಂಕಿಯೇ ಬೇಸರವನ್ನು ಹೇಳುತ್ತದೆ, ಪದಗಳು ತಣ್ಣಗಿರುತ್ತವೆ. ಇಂಗ್ಲಿಷ್ ಮೇಲ್‌ಗೂ ಇದೇ ಕ್ರಮ ಇಟ್ಟುಕೊಳ್ಳಿ.

ಮೊದಲನೆಯದರಲ್ಲಿ ಬೇಸರದ ಸುಳಿವೂ ಬೇಡ. ‘ಹಾಯ್, ಜಸ್ಟ್ ಚೆಕಿಂಗ್ ವೆದರ್ ಯು ಹ್ಯಾಡ್ ಎ ಚಾನ್ಸ್ ಟು ಲುಕ್ ಅಟ್ ದಿಸ್.’ ನೋಡಲು ಸಮಯ ಸಿಕ್ಕಿತೇ ಎಂಬ ಪ್ರಶ್ನೆ. ‘ಹ್ಯಾಡ್ ಎ ಚಾನ್ಸ್’ ಎಂಬ ಮಾತು ಅವರಿಗೆ ಬಿಡುವಿರಲಿಲ್ಲ ಎಂದು ತಾನೇ ನೆಪ ಒದಗಿಸಿಕೊಡುತ್ತದೆ.

ಎರಡು ಮೂರು ಕೆಲಸದ ದಿನ ಬಿಟ್ಟು ಎರಡನೆಯದು. ‘ಐ ಆ್ಯಮ್ ಫಾಲೋಯಿಂಗ್ ಅಪ್ ಆನ್ ಮೈ ಮೆಸೇಜ್ ಆಫ್ 3 ಜೂನ್. ವಿ ನೀಡ್ ದ ಫಿಗರ್ಸ್ ಬೈ ಥರ್ಸ್‌ಡೇ ಟು ಕ್ಲೋಸ್ ದ ಅಕೌಂಟ್ಸ್.’ ಇಲ್ಲಿ ಬೇಸರವನ್ನು ಹೊತ್ತಿರುವುದು ದಿನಾಂಕ. ಯಾವತ್ತು ಕೇಳಿದ್ದೆ, ಯಾವತ್ತಿಗೆ ಬೇಕು, ಯಾಕೆ ಬೇಕು ಎಂಬ ಮೂರೂ ಇವೆ.

ಮೂರನೆಯದರಲ್ಲಿ ಮಾತ್ರ ಬಾಯಿಬಿಟ್ಟು ಹೇಳಿ. ‘ಐ ಹ್ಯಾವ್ ನೌ ರಿಟನ್ ಟ್ವೈಸ್ ಅಂಡ್ ಹ್ಯಾವ್ ನಾಟ್ ಹ್ಯಾಡ್ ಎ ರಿಪ್ಲೈ. ದ ಡಿಲೇ ಈಸ್ ಬಿಗಿನಿಂಗ್ ಟು ಹೋಲ್ಡ್ ಅಪ್ ದ ರೆಸ್ಟ್ ಆಫ್ ದ ಟೀಮ್. ಕುಡ್ ಯು ಪ್ಲೀಸ್ ಲೆಟ್ ಮಿ ನೋ ಬೈ ಟುಮಾರೋ ವೆನ್ ಐ ಕ್ಯಾನ್ ಎಕ್ಸ್‌ಪೆಕ್ಟ್ ಇಟ್?’ ‘ಎರಡು ಸಲ ಬರೆದೆ, ಉತ್ತರ ಬರಲಿಲ್ಲ, ಉಳಿದವರ ಕೆಲಸ ನಿಲ್ಲುತ್ತಿದೆ, ಯಾವಾಗ ಸಿಗುತ್ತದೆ ನಾಳೆಯೊಳಗೆ ತಿಳಿಸಿ.’ ಈ ಮೂರನೆಯ ಪತ್ರಕ್ಕೂ ಉತ್ತರ ಬಾರದಿದ್ದರೆ ಮೇಲ್ ಬಿಟ್ಟು ಫೋನ್ ಮಾಡಿ. ನಾಲ್ಕನೆಯದನ್ನು ಬರೆದು ಗೆದ್ದವರನ್ನು ನಾನು ಕಂಡಿಲ್ಲ.

‘ಜೆಂಟಲ್ ರಿಮೈಂಡರ್’ ನಮ್ಮಲ್ಲಿ ಮನೆಮಾತಾಗಿದೆ, ಶಾಲೆಯ ಫೀಸಿನಿಂದ ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕದವರೆಗೆ. ಭಾರತದೊಳಗೆ ಯಾರೂ ತಪ್ಪು ತಿಳಿಯುವುದಿಲ್ಲ. ಹೊರಗಿನವರಲ್ಲಿ ಕೆಲವರಿಗೆ ‘ಮೆಲ್ಲಗೆ ನೆನಪಿಸುತ್ತಿದ್ದೇನೆ’ ಎಂದು ಹೇಳಿಕೊಂಡೇ ತಿವಿದಂತೆ ಕೇಳುತ್ತದೆ. ಒಂದು ವಿಷಯಕ್ಕೆ ಒಂದು ಸಲ ಸಾಕು.

ಇದಕ್ಕಿಂತ ಎಚ್ಚರ ಬೇಕಾದದ್ದು ‘ಆ್ಯಸ್ ಪರ್ ಮೈ ಲಾಸ್ಟ್ ಇಮೇಲ್’. ನಾವು ‘ಉಲ್ಲೇಖ: ದಿನಾಂಕ ಇಂಥದ್ದರ ಪತ್ರ’ ಎಂದು ಬರೆದು ಬೆಳೆದವರು. ಹಿಂದಿನ ಪತ್ರವನ್ನು ಎತ್ತಿ ಹೇಳುವುದು ನಮಗೆ ಶಿಸ್ತು. ಇಂಗ್ಲಿಷ್ ಓದುಗರಿಗೆ ಅದು ‘ಆಗಲೇ ಹೇಳಿದ್ದೇನೆ, ಓದಲಿಲ್ಲವೇ?’ ಎಂದು ಕೇಳಿಸುತ್ತದೆ. 2018ರಲ್ಲಿ ಅಡೋಬ್ ಸಂಸ್ಥೆ ಅಮೆರಿಕದ ಕಚೇರಿ ನೌಕರರ ನಡುವೆ ನಡೆಸಿದ ಸಮೀಕ್ಷೆಯಲ್ಲಿ ಅತಿ ಸಿಟ್ಟು ತರಿಸುವ ಮಾತುಗಳನ್ನು ಕೇಳಿದಾಗ ಮೊದಲು ಬಂದದ್ದು ‘ನಾಟ್ ಶೂರ್ ಇಫ್ ಯು ಸಾ ಮೈ ಲಾಸ್ಟ್ ಇಮೇಲ್’, ಎರಡನೆಯದು ‘ಪರ್ ಮೈ ಲಾಸ್ಟ್ ಇಮೇಲ್’. ನನ್ನ ಸಲಹೆ: ಹಿಂದಿನ ಪತ್ರದ ಕಡೆ ಕೈ ತೋರಿಸುವ ಬದಲು ಅದರಲ್ಲಿದ್ದ ಪ್ರಶ್ನೆಯನ್ನೇ ಮತ್ತೆ ಬರೆಯಿರಿ. ‘ಐ ಹ್ಯಾವ್ ಕಾಪೀಡ್ ದ ಡೀಟೇಲ್ಸ್ ಬಿಲೋ ಫಾರ್ ಈಸಿ ರೆಫರೆನ್ಸ್.’ ಅವರು ಹುಡುಕುವ ಶ್ರಮ ತಪ್ಪುತ್ತದೆ. ಮೊದಲೇ ಹೇಳಿದ್ದಿರಿ ಎಂಬುದು ಕೆಳಗಿನ ದಿನಾಂಕದಿಂದ ತಿಳಿಯುತ್ತದೆ.

ಹೆಜ್ಜೆ 4: ಬೇಸರವನ್ನು ಒಂದೇ ವಾಕ್ಯದಲ್ಲಿ ಹೇಳಿ, ಪಕ್ಕದಲ್ಲೇ ಕಾರಣವಿಡಿ

ನಯವಾಗಿ ಬರೆಯಿರಿ ಎಂದರೆ ಬೇಸರವನ್ನು ಮುಚ್ಚಿಡಿ ಎಂದಲ್ಲ. ಮುಚ್ಚಿಟ್ಟದ್ದು ಮುಂದಿನ ಪತ್ರಗಳಲ್ಲಿ ಎಲ್ಲೆಲ್ಲೋ ಸೋರುತ್ತದೆ: ಉತ್ತರ ಮೊಟಕಾಗುತ್ತದೆ, ‘ಥ್ಯಾಂಕ್ಸ್’ ಮಾಯವಾಗುತ್ತದೆ. ಅದಕ್ಕಿಂತ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ಇಬ್ಬರಿಗೂ ಹಿತ.

ಒಂದು ಉದಾಹರಣೆ. ಸಭೆಯನ್ನು ಕೊನೆಯ ಗಳಿಗೆಯಲ್ಲಿ ಮೂರನೇ ಸಲ ಮುಂದೂಡಿದ್ದಾರೆ. ಹೀಗೆ ಬರೆಯಬಹುದು: ‘ಥ್ಯಾಂಕ್ಸ್ ಫಾರ್ ಲೆಟಿಂಗ್ ಮಿ ನೋ. ಐ ಮಸ್ಟ್ ಸೇ ದ ಲೇಟ್ ಚೇಂಜಸ್ ಹ್ಯಾವ್ ಬೀನ್ ಎ ಬಿಟ್ ಡಿಫಿಕಲ್ಟ್ ಟು ಮ್ಯಾನೇಜ್, ಆ್ಯಸ್ ಐ ಹ್ಯಾಡ್ ಮೂವ್ಡ್ ಟು ಅದರ್ ಮೀಟಿಂಗ್ಸ್ ಫಾರ್ ದಿಸ್. ಕುಡ್ ವಿ ಫಿಕ್ಸ್ ಎ ಟೈಮ್ ದಟ್ ವಿ ಕ್ಯಾನ್ ಬೋತ್ ಕೀಪ್?’ ತಿಳಿಸಿದ್ದಕ್ಕೆ ಧನ್ಯವಾದ, ಕೊನೆಯ ಗಳಿಗೆಯ ಬದಲಾವಣೆಯಿಂದ ಸ್ವಲ್ಪ ಕಷ್ಟವಾಯಿತು, ಇದಕ್ಕೋಸ್ಕರ ಬೇರೆ ಎರಡು ಸಭೆ ಸರಿಸಿದ್ದೆ, ಇಬ್ಬರೂ ಉಳಿಸಿಕೊಳ್ಳಬಹುದಾದ ಸಮಯ ಗೊತ್ತುಮಾಡೋಣವೇ. ಬೇಸರ ನಡುವಿನ ವಾಕ್ಯದಲ್ಲಿದೆ. ಅದರ ಪಕ್ಕದಲ್ಲೇ ನಷ್ಟವಿದೆ. ಕೊನೆಗೆ ಬರುವುದು ಮುಂದಿನ ದಾರಿ. ‘ಐ ಮಸ್ಟ್ ಸೇ’ ಎಂಬುದು ನಮ್ಮ ‘ಹೇಳಲೇಬೇಕು ಅನ್ನಿಸಿತು’.

ಇಲ್ಲಿ ಕೆಲವು ಮುನ್ನುಡಿಗಳು ಕೆಲಸ ಕೆಡಿಸುತ್ತವೆ. ‘ಫ್ರಾಂಕ್ಲಿ’, ‘ಟು ಬಿ ಹಾನೆಸ್ಟ್’ ಎಂದು ಶುರುಮಾಡಿದರೆ ಓದುವವರು ಏಟಿಗೆ ಸಿದ್ಧರಾಗುತ್ತಾರೆ. ‘ಆಬ್ವಿಯಸ್ಲಿ’, ‘ಕ್ಲಿಯರ್ಲಿ’ ಎಂದರೆ ‘ಇಷ್ಟೂ ತಿಳಿಯಲಿಲ್ಲವೇ’ ಎಂಬ ಧ್ವನಿ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ನಮ್ಮವರನ್ನು ಹೆಚ್ಚು ಮೋಸಗೊಳಿಸುವ ಮಾತು. ‘ತಮ್ಮ ಮೇಲೆ ಗೌರವವಿಟ್ಟೇ ಹೇಳುತ್ತಿದ್ದೇನೆ’ ಎಂದು ನಾವು ಮನಸಾರೆ ಬರೆಯುತ್ತೇವೆ. ಇಂಗ್ಲಿಷ್ ಓದುಗರಿಗೆ ಅದು ‘ನೀವು ಹೇಳಿದ್ದು ಪೂರ್ತಿ ತಪ್ಪು’ ಎಂಬುದರ ಪೀಠಿಕೆ. ಇಂಗ್ಲೆಂಡಿನ ವಕೀಲರಲ್ಲಂತೂ ‘ವಿತ್ ರೆಸ್ಪೆಕ್ಟ್’ಗಿಂತ ‘ವಿತ್ ಗ್ರೇಟ್ ರೆಸ್ಪೆಕ್ಟ್’ ಕಟು, ‘ವಿತ್ ದ ಗ್ರೇಟೆಸ್ಟ್ ರೆಸ್ಪೆಕ್ಟ್’ ಇನ್ನೂ ಕಟು. ಗೌರವ ಏರಿದಷ್ಟೂ ವಿರೋಧ ಏರಿದೆ ಎಂದು ಅವರ ಲೆಕ್ಕ. ನಿಜವಾದ ಗೌರವದಿಂದ ಭಿನ್ನಾಭಿಪ್ರಾಯ ಹೇಳಬೇಕಿದ್ದರೆ ‘ಐ ಸೀ ಇಟ್ ಎ ಲಿಟಲ್ ಡಿಫರೆಂಟ್ಲಿ’ ಎಂದು ಬರೆಯಿರಿ, ‘ನನಗೆ ಸ್ವಲ್ಪ ಬೇರೆ ಥರ ಕಾಣುತ್ತದೆ’ ಎಂದು.

ಹೆಜ್ಜೆ 5: ನಮ್ಮ ಇಂಗ್ಲಿಷಿನ ಮುಳ್ಳುಗಳನ್ನು ಆರಿಸಿ ತೆಗೆಯಿರಿ

ಕನ್ನಡದಿಂದ ನೇರವಾಗಿ ಇಳಿದುಬರುವ ಕೆಲವು ಮಾತುಗಳು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಚುಚ್ಚುತ್ತವೆ.

‘ಹೋದ ವಾರವೇ’ ಎಂಬಲ್ಲಿನ ‘ಏ’ಕಾರ ‘ಲಾಸ್ಟ್ ವೀಕ್ ಓನ್ಲಿ’ ಆಗುತ್ತದೆ. ಹೊರಗಿನವರಿಗೆ ಅದರ ಅರ್ಥವೇ ಆಗದು. ದಿನಾಂಕ ಬರೆಯಿರಿ, ಒತ್ತು ತಾನಾಗಿ ಬರುತ್ತದೆ. ‘ಐ ಆಲ್ರೆಡಿ ಟೋಲ್ಡ್ ಯು’ ಎಂಬುದರಲ್ಲಿ ‘ಆಲ್ರೆಡಿ’ ಗದರುತ್ತದೆ. ‘ಆ್ಯಸ್ ಐ ಮೆನ್ಷನ್ಡ್’ ಸಾಕು, ಅದೂ ಬೇಕಿದ್ದರೆ ಮಾತ್ರ.

‘ಯು ಪೀಪಲ್’ ಬೇಡವೇ ಬೇಡ. ‘ನಿಮ್ಮವರು’, ‘ನೀವೆಲ್ಲ’ ಎಂದು ನಾವು ಬಹುವಚನಕ್ಕಾಗಿ ಬಳಸುತ್ತೇವೆ. ಇಂಗ್ಲಿಷಿನಲ್ಲಿ, ಅದರಲ್ಲೂ ಅಮೆರಿಕದಲ್ಲಿ, ಅದು ಒಂದು ಜನಾಂಗವನ್ನೋ ಗುಂಪನ್ನೋ ಹೀಗಳೆದಂತೆ ಕೇಳಿಸುತ್ತದೆ. ‘ಯುವರ್ ಟೀಮ್’ ಎಂದು ಬರೆಯಿರಿ.

‘ಹೌ ಮೆನಿ ಟೈಮ್ಸ್ ಶುಡ್ ಐ ಟೆಲ್’ ಎಂಬುದು ‘ಎಷ್ಟು ಸಲ ಹೇಳಬೇಕು’ ಎಂಬುದರ ಪಡಿಯಚ್ಚು. ಕನ್ನಡದಲ್ಲಿ ಅಮ್ಮ ಮಗನಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು. ಕಚೇರಿ ಪತ್ರದಲ್ಲಿ ಅದು ಸಂಬಂಧ ಮುರಿಯುತ್ತದೆ.

‘ಕೈಂಡ್ಲಿ’, ‘ಡೂ ದ ನೀಡ್‌ಫುಲ್’, ಉತ್ತರಿಸಿ ಎಂಬರ್ಥದ ‘ರಿವರ್ಟ್’ ಬಗ್ಗೆ ನಮ್ಮವರು ಅನವಶ್ಯಕವಾಗಿ ನಾಚಿಕೊಳ್ಳುತ್ತಾರೆ. ‘ಡೂ ದ ನೀಡ್‌ಫುಲ್’ ಹಿಂದೆ ಬ್ರಿಟನ್ನಿನಲ್ಲೇ ಚಾಲ್ತಿಯಲ್ಲಿದ್ದ ಮಾತು. ಅಲ್ಲಿ ಹಳತಾಯಿತು, ನಮ್ಮ ಕಚೇರಿಗಳಲ್ಲಿ ಉಳಿಯಿತು. ‘ಸೂಕ್ತ ಕ್ರಮಕ್ಕಾಗಿ’ ಎಂಬ ನಮ್ಮ ಕಡತದ ಭಾಷೆಗೆ ಅದು ಚೆನ್ನಾಗಿ ಹೊಂದಿಕೊಂಡಿದೆ. ಬೆಂಗಳೂರಿನಿಂದ ಚೆನ್ನೈಗೋ ದೆಹಲಿಗೋ ಬರೆಯುವಾಗ ಯಾವ ತೊಂದರೆಯೂ ಇಲ್ಲ. ವಿದೇಶದವರಿಗೆ ಬರೆಯುವಾಗ ಮಾತ್ರ, ಅದೂ ಬೇಸರದ ಪತ್ರದಲ್ಲಿ, ‘ಕೈಂಡ್ಲಿ’ ಬದಲು ‘ಕುಡ್ ಯು ಪ್ಲೀಸ್’ ಬಳಸಿ. ‘ಕೈಂಡ್ಲಿ ರಿಪ್ಲೈ’ ಎಂಬುದು ಅವರಲ್ಲಿ ಕೆಲವರಿಗೆ ಬಿಗಿಯಾದ ಆಜ್ಞೆಯಂತೆ ಕೇಳುತ್ತದೆ.

ಹೆಜ್ಜೆ 6: ಚಿಹ್ನೆಗಳನ್ನೂ ನೋಡಿ

ಇದು ಚಿಕ್ಕ ವಿಷಯ. ಎರಡು ಪ್ರಶ್ನಾರ್ಥಕ ಚಿಹ್ನೆ ಜೋಡಿಸಿದರೆ ಕೂಗಿದಂತೆ. ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲೇ ಇಡೀ ಪದ ಬರೆದರೂ ಹಾಗೆಯೇ. ವಾಕ್ಯದ ಕೊನೆಗೆ ಮೂರು ಚುಕ್ಕಿ ಇಡುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಮುಂದೆ ಮಾತಿದೆ ಎಂಬ ಭಾವದಿಂದ. ಕಿರಿಯ ಓದುಗರು ಅದನ್ನು ಅಸಮಾಧಾನ ಎಂದು ಓದುತ್ತಾರೆ. ‘ನೋಟೆಡ್’ ಅಥವಾ ‘ಫೈನ್’ ಎಂಬ ಒಂದೇ ಪದದ ಉತ್ತರಕ್ಕೆ ಪೂರ್ಣವಿರಾಮ ಇಟ್ಟರೆ ಬಾಗಿಲು ಹಾಕಿದ ಸದ್ದು. ‘ನೋಟೆಡ್, ಥ್ಯಾಂಕ್ ಯು’ ಎಂದರೆ ಆ ಸದ್ದಿಲ್ಲ. ಪ್ರತಿ ಕಳಿಸುವ ಪಟ್ಟಿಗೆ ನಡುವೆ ಮೇಲಧಿಕಾರಿಯ ಹೆಸರು ಸೇರಿಸುವುದು ಪದಗಳೆಲ್ಲಕ್ಕಿಂತ ಗಟ್ಟಿಯಾದ ಬೇಸರ. ಸೇರಿಸಲೇಬೇಕಿದ್ದರೆ ಏಕೆ ಎಂದು ಒಂದು ಸಾಲು ಬರೆಯಿರಿ: ‘ಐ ಆ್ಯಮ್ ಕಾಪಿಯಿಂಗ್ ಇನ್ ಅವರ್ ಮ್ಯಾನೇಜರ್, ಹೂ ಮೇ ಬಿ ಏಬಲ್ ಟು ಹೆಲ್ಪ್.’

ಹೆಜ್ಜೆ 7: ದೂರಿನ ಪತ್ರವಾದರೆ ದನಿ ಬೇರೆ

ಬ್ಯಾಂಕಿಗೋ ಕಂಪನಿಗೋ ದೂರು ಬರೆಯುವಾಗ ಸಂಬಂಧ ಉಳಿಸಿಕೊಳ್ಳುವ ಹಂಗು ಕಡಿಮೆ, ದಾಖಲೆ ಉಳಿಸುವ ಅಗತ್ಯ ಹೆಚ್ಚು. ಇಲ್ಲಿ ಮೆದು ಮಾತು ಮಿತವಾಗಿರಲಿ. ಮೊದಲು ಒಂದು ಮಾತು: ನಮ್ಮ ರಾಜ್ಯ ಸರ್ಕಾರದ ಕಚೇರಿಗಾದರೆ ಇಂಗ್ಲಿಷ್ ಯಾಕೆ ಬೇಕು? 1963ರ ಕರ್ನಾಟಕ ರಾಜಭಾಷಾ ಕಾಯ್ದೆ ಕನ್ನಡವನ್ನೇ ಆಡಳಿತ ಭಾಷೆ ಮಾಡಿದೆ. ಕನ್ನಡದಲ್ಲೇ ಬರೆಯಿರಿ. ಹೊರರಾಜ್ಯದ ಕೇಂದ್ರ ಕಚೇರಿಗಳಿಗೆ ಇಂಗ್ಲಿಷ್ ಬೇಕಾಗಬಹುದು.

ಖಾತೆಯಿಂದ ತಪ್ಪಾಗಿ ಶುಲ್ಕ ಕಡಿತವಾಗಿದೆ ಎಂದಿಟ್ಟುಕೊಳ್ಳಿ. ‘ಐ ಆ್ಯಮ್ ರೈಟಿಂಗ್ ಅಬೌಟ್ ಎ ಚಾರ್ಜ್ ಆಫ್ 590 ರುಪೀಸ್ ಟೇಕನ್ ಫ್ರಮ್ ಮೈ ಅಕೌಂಟ್ ಆನ್ 4 ಮಾರ್ಚ್. ಐ ರಿಪೋರ್ಟೆಡ್ ದಿಸ್ ಅಟ್ ದ ಬ್ರಾಂಚ್ ಆನ್ 6 ಮಾರ್ಚ್ ಅಂಡ್ ವಾಸ್ ಟೋಲ್ಡ್ ಇಟ್ ವುಡ್ ಬಿ ರಿವರ್ಸ್ಡ್ ವಿದಿನ್ ಎ ವೀಕ್. ಇಟ್ ಹ್ಯಾಸ್ ನಾಟ್ ಬೀನ್. ಐ ಆ್ಯಮ್ ಡಿಸಪಾಯಿಂಟೆಡ್ ದಟ್ ಐ ಹ್ಯಾವ್ ಹ್ಯಾಡ್ ಟು ರೈಟ್ ಅಗೇನ್. ಪ್ಲೀಸ್ ರಿವರ್ಸ್ ದ ಚಾರ್ಜ್ ಅಂಡ್ ಕನ್ಫರ್ಮ್ ಇನ್ ರೈಟಿಂಗ್.’ ಇಂಥ ದಿನ ಇಷ್ಟು ಹಣ ಹೋಯಿತು, ಇಂಥ ದಿನ ಶಾಖೆಗೆ ಹೇಳಿದೆ, ವಾರದೊಳಗೆ ಮರಳಿಸುತ್ತೇವೆ ಎಂದರು, ಮರಳಿಸಿಲ್ಲ. ‘ಇಟ್ ಹ್ಯಾಸ್ ನಾಟ್ ಬೀನ್’ ಎಂಬ ನಾಲ್ಕೇ ಪದದ ಆ ವಾಕ್ಯವನ್ನು ಗಮನಿಸಿ. ಉದ್ದ ವಾಕ್ಯಗಳ ನಡುವೆ ಅಷ್ಟು ಮೊಟಕಾಗಿ ನಿಂತಿರುವುದೇ ಅದರ ಬಲ. ಬೇಸರದ ಪದ ಇಡೀ ಪತ್ರದಲ್ಲಿ ಒಂದೇ.

ಬ್ಯಾಂಕು 30 ದಿನದೊಳಗೆ ಉತ್ತರಿಸದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿಯಾದ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ವಸ್ತು, ಸೇವೆಗಳ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹಾಗಾಗಿ ಎರಡನೇ ಪತ್ರದ ಕೊನೆಗೆ ಈ ಸಾಲು ಸೇರಿಸಬಹುದು: ‘ಇಫ್ ಐ ಡೂ ನಾಟ್ ಹಿಯರ್ ಫ್ರಮ್ ಯು ಬೈ 10 ಏಪ್ರಿಲ್, ಐ ವಿಲ್ ಟೇಕ್ ದಿಸ್ ಟು ದ ಒಂಬುಡ್ಸ್‌ಮನ್.’ ಬೆದರಿಕೆಯ ಪದಗಳು ಬೇಡ, ಮುಂದಿನ ಹೆಜ್ಜೆ ಯಾವುದು ಎಂದು ತಿಳಿಸಿದರೆ ಸಾಕು.

ನೆರೆಯವರಿಗೆ ಚೀಟಿ ಬರೆಯುವುದಾದರೆ ಮತ್ತೆ ಮೆದು ದನಿಗೆ ಮರಳಿ. ಹೊರದೇಶದಲ್ಲಿರುವ ನಮ್ಮವರಿಗೆ ಇದು ಆಗಾಗ ಬೇಕಾಗುತ್ತದೆ. ‘ವುಡ್ ಯು ಮೈಂಡ್ ಪಾರ್ಕಿಂಗ್ ಎ ಲಿಟಲ್ ಫರ್ದರ್ ಬ್ಯಾಕ್? ಇಟ್ ಈಸ್ ಎ ಬಿಟ್ ಟೈಟ್ ಗೆಟಿಂಗ್ ಔಟ್ ಇನ್ ದ ಮಾರ್ನಿಂಗ್.’ ಗಾಡಿಯನ್ನು ಸ್ವಲ್ಪ ಹಿಂದೆ ನಿಲ್ಲಿಸುತ್ತೀರಾ, ಬೆಳಗ್ಗೆ ಹೊರತೆಗೆಯಲು ಇಕ್ಕಟ್ಟಾಗುತ್ತದೆ. ‘ವುಡ್ ಯು ಮೈಂಡ್’ಗೆ ಅವರು ‘ನೋ, ನಾಟ್ ಅಟ್ ಆಲ್’ ಎಂದು ಉತ್ತರಿಸಿದರೆ ಒಪ್ಪಿದ್ದಾರೆ ಎಂದರ್ಥ. ‘ನಿಮಗೆ ಅಡ್ಡಿಯೇ?’ ಎಂದು ಕೇಳಿದ್ದಕ್ಕೆ ‘ಇಲ್ಲ’ ಎಂದರು. ‘ನೋ’ ನೋಡಿ ನಿರಾಶರಾಗಿ ಸುಮ್ಮನಾದವರನ್ನು ಬಲ್ಲೆ.

ಹೆಜ್ಜೆ 8: ಮೊದಲು ಕನ್ನಡದಲ್ಲಿ ಬರೆಯಿರಿ

ಸಿಟ್ಟು ಬಂದಿರುವಾಗ ನಾನು ಈಗಲೂ ಹೀಗೇ ಮಾಡುತ್ತೇನೆ. ಒಂದು ಹಾಳೆ ತೆಗೆದು ಮನಸ್ಸಿನಲ್ಲಿದ್ದದ್ದನ್ನು ಕನ್ನಡದಲ್ಲಿ, ಮನೆಯ ಭಾಷೆಯಲ್ಲಿ, ಪೂರ್ತಿ ಬರೆದುಬಿಡುತ್ತೇನೆ. ಯಾರಿಗೂ ತೋರಿಸಬೇಕಿಲ್ಲವಾದ್ದರಿಂದ ಏನು ಬೇಕಾದರೂ ಬರೆಯಬಹುದು. ಕಾಫಿ ಕುಡಿದು ಬಂದು ಓದಿ, ಅದರಲ್ಲಿ ಮೂರಕ್ಕೆ ಮಾತ್ರ ಗೆರೆ ಹಾಕುತ್ತೇನೆ: ಏನಾಯಿತು, ನನಗೆ ಏನು ತೊಂದರೆಯಾಯಿತು, ಈಗ ಏನಾಗಬೇಕು. ಗೆರೆ ಬಿದ್ದದ್ದಷ್ಟೇ ಇಂಗ್ಲಿಷಿಗೆ ಹೋಗುತ್ತದೆ. ಮೊದಲಲ್ಲಿ ಹೇಳಿದ ನನ್ನ ಆ ಹಳೆಯ ಪತ್ರವನ್ನು ಇವತ್ತು ಬರೆಯುವುದಾದರೆ ಹೀಗಿರುತ್ತದೆ: ‘ಹಾಯ್, ಐ ಹ್ಯಾವ್ ನಾಟ್ ರಿಸೀವ್ಡ್ ದ ಶೀಟ್ ಐ ಆಸ್ಕ್ಡ್ ಫಾರ್ ಲಾಸ್ಟ್ ಮಂಡೇ. ಐ ಹ್ಯಾಡ್ ಹೋಪ್ಡ್ ಟು ಫಿನಿಶ್ ದ ರಿಪೋರ್ಟ್ ಟುಡೇ ಅಂಡ್ ಆ್ಯಮ್ ಎ ಬಿಟ್ ಸ್ಟಕ್ ವಿದೌಟ್ ಇಟ್. ಕುಡ್ ಯು ಸೆಂಡ್ ಇಟ್ ಬೈ ಟುಮಾರೋ ಮಾರ್ನಿಂಗ್, ಪ್ಲೀಸ್?’

ಬರೆದು ಮುಗಿಯುವವರೆಗೆ ಯಾರಿಗೆ ಎಂಬ ಜಾಗವನ್ನು ಖಾಲಿ ಬಿಟ್ಟಿರಿ. ಉತ್ತರಿಸುವ ಗುಂಡಿ ಒತ್ತಿ ಶುರುಮಾಡಿದ್ದರೆ ಅಲ್ಲಿ ತಾನಾಗಿ ಬಂದ ವಿಳಾಸವನ್ನು ಅಳಿಸಿ. ಗಟ್ಟಿಯಾಗಿ ಒಮ್ಮೆ ಓದಿ, ‘ಯು’ ಎಷ್ಟಿವೆ ಎಂದು ಎಣಿಸಿ, ಆಮೇಲೆ ವಿಳಾಸ ತುಂಬಿ.